ಮೂವತ್ತೆರಡನೆಯ ಗೂಡಿನ ಪಥ್ಯ

ಕುಕ್ ಟೌನಿನ ಒಂದು ಮೂಲೆಯಲ್ಲಿ ಹಳೆಯ ಹೆಂಚಿನ ಬಂಗಲೆಯೊಂದಿತ್ತು. ಗೇಟಿನ ಮೇಲೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದ್ದರೂ ಸುತ್ತಲಿನವರಿಗೆಲ್ಲ ಅದು ಇಲಿ ಬಂಗಲೆ. ಮುಂದಿನ ಕೋಣೆಗಳಲ್ಲಿ ಕಾಯಿಲೆಯವರ ಕಫ, ರಕ್ತ ಪರೀಕ್ಷೆ ಮಾಡುವ ಲ್ಯಾಬೊರೇಟರಿ. ಹಿಂದೆ, ಒಂದು ಕಾಲಕ್ಕೆ ಯಾವನೋ ದೊರೆಯ ಕುದುರೆಗಳಿದ್ದ ಲಾಯದಲ್ಲಿ, ಐವತ್ತು ತಂತಿಯ ಗೂಡುಗಳು. ಗೂಡುಗಳಲ್ಲಿ, ಇಂಗ್ಲಿಷಿನವರು ಗಿನಿಪಿಗ್ ಎನ್ನುವ ಸೀಮೆ ಇಲಿಗಳು. ಹೆಸರಿಗಷ್ಟೇ ಇಲಿ; ನೋಡುವುದಕ್ಕೆ ಕಿವಿ ಮೊಟಕಾದ ಮೊಲದ ಮರಿಗಳ ಹಾಗೆ, ಬಾಲವೇ ಇಲ್ಲ. ಸೊಪ್ಪಿನ ಬುಟ್ಟಿ ಸರಸರ ಎಂದದ್ದು ಕೇಳಿದರೆ ಸಾಕು, ಐವತ್ತೂ ಒಟ್ಟಿಗೆ ಕುಯ್ ಕುಯ್ ಎಂದು ಕೂಗಿಕೊಳ್ಳುತ್ತಿದ್ದವು.

ಆ ಐವತ್ತು ಬಾಯಿಗಳಿಗೆ ಹೊತ್ತುಹೊತ್ತಿಗೆ ಹಾಕಿ, ಹಿಕ್ಕೆ ಬಳಿದು, ಹಾಸಿದ ಹುಲ್ಲು ಬದಲಾಯಿಸುತ್ತಿದ್ದವಳು ಹಲಸೂರಿನ ಪಿಳ್ಳಮ್ಮ. ನಲವತ್ತೈದನೆಯ ಇಸವಿಯ ಹೊತ್ತಿಗೆ ಅವಳು ಅಲ್ಲಿಗೆ ಸೇರಿ ಎಂಟು ವರ್ಷವಾಗಿತ್ತು. ಬೆಳಗಿನ ಆರು ಗಂಟೆಗೆ ಲಾಯದ ಬಾಗಿಲು ತೆಗೆಯುವ ಮೊದಲು ಅವಳು ತನ್ನ ಮನೆಯ ಬಾಗಿಲು ಗುಡಿಸಿ, ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಮುದ್ದೆ ತೊಳಸಿಟ್ಟು, ಗಂಡನ ಬುತ್ತಿ ಕಟ್ಟಿ ಬಂದಿರುತ್ತಿದ್ದಳು. ತಿನ್ನಿಸುವುದು, ತೊಳೆಯುವುದು, ಯಾರು ಎಷ್ಟು ತಿಂದರು, ಯಾರು ತಟ್ಟೆಯಲ್ಲಿ ಬಿಟ್ಟರು ಎಂದು ಕಣ್ಣಿಡುವುದು—ಎರಡೂ ಕಡೆ ಒಂದೇ ಕೆಲಸ. ಮನೆಯಲ್ಲಿ ಅದಕ್ಕೆ ಕೆಲಸವೆಂಬ ಹೆಸರೂ ಇರಲಿಲ್ಲ. ಲಾಯದಲ್ಲಿ ಸಂಬಳ ಬರುತ್ತಿತ್ತು. ಆದ್ದರಿಂದ ಪಿಳ್ಳಮ್ಮನಿಗೆ ಇಲಿಗಳ ಮೇಲೆ ಒಂದು ಬಗೆಯ ಗೌರವವೇ ಇತ್ತು. "ಇವು ಉಂಡಿದ್ದಕ್ಕೆ ಯಾರಾದ್ರೂ ನನ್ನ ಹೆಸರು ಬರ್ಕೊಳ್ತಾರೆ. ಮನೇಲಿ ಉಂಡೋರು ಉಪ್ಪು ಕಮ್ಮಿ ಅಂತಾರೆ," ಎಂದು ನಗುತ್ತಿದ್ದಳು.

ಇಲಿಗಳು ಯಾಕೆ ಬೇಕು ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಷಯದ ಹುಳ ಕೆಲವರ ಕಫದಲ್ಲಿ ಎಷ್ಟು ಕಮ್ಮಿ ಇರುತ್ತದೆಂದರೆ ಮೈಕ್ರೋಸ್ಕೋಪಿನ ಕಣ್ಣಿಗೂ ಬೀಳುವುದಿಲ್ಲ. ಅಂಥವರ ಕಫವನ್ನು ಎರಡು ಸೀಮೆ ಇಲಿಗಳ ತೊಡೆಗೆ ಚುಚ್ಚಬೇಕು, ಆರು ವಾರ ಕಾಯಬೇಕು. ಹುಳ ಒಂದಿಷ್ಟಿದ್ದರೂ ಇಲಿಯ ಮೈಯೊಳಗೆ ಬೆಳೆದು, ಗಂಟು ಕಟ್ಟಿ, ಈಲಿಯೆನ್ನುವ ಯಕೃತ್ತಿನ ಮೇಲೆ ಬಿಳಿ ಚುಕ್ಕೆ ಎಬ್ಬಿಸುತ್ತದೆ. ಏನೂ ಇಲ್ಲದಿದ್ದರೆ ಒಳಗೆಲ್ಲ ಶುದ್ಧ. ಯಾವುದೆಂದು ತಿಳಿಯಲು ಇಲಿಯನ್ನು ಕೊಯ್ದೇ ನೋಡಬೇಕು. ಕಾಯಿಲೆ ಬಂದದ್ದಾದರೂ, ಚೆನ್ನಾಗಿದ್ದದ್ದಾದರೂ, ಆರನೆಯ ವಾರಕ್ಕೆ ಅದರ ಆಯಸ್ಸು ಮುಗಿಯಿತು. ಮೊದಮೊದಲು ಪಿಳ್ಳಮ್ಮ ಆ ದಿನ ಊಟ ಬಿಡುತ್ತಿದ್ದಳು. ಆಮೇಲೆ ಬಿಡಲಿಲ್ಲ, ಆದರೆ ಯಾವ ಇಲಿಗೂ ಹೆಸರಿಡುತ್ತಿರಲಿಲ್ಲ. ಗೂಡಿಗೆ ನೇತುಹಾಕಿದ ತಗಡಿನ ಬಿಲ್ಲೆಯ ಮೇಲಿನ ನಂಬರೇ ಹೆಸರು.

ಆ ವರ್ಷ ಸಂಕ್ರಾಂತಿಯ ಮಾರನೆಯ ದಿನ ಮೂವತ್ತೊಂದು, ಮೂವತ್ತೆರಡನೆಯ ನಂಬರಿನ ಇಲಿಗಳಿಗೆ ಚುಚ್ಚಿದ ಕಫ ಅವಳ ಮಗಳು ಶಾಂತಕುಮಾರಿಯದು.

ಶಾಂತಳನ್ನು ಕೃಷ್ಣರಾಜಪುರಕ್ಕೆ ಕೊಟ್ಟಿತ್ತು. ಗಂಡ ಮುನಿಆಂಜನಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸಗಾರ. ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದು, ಹೆಣ್ಣುಮಗು ಹೆತ್ತು, ಮೂರು ತಿಂಗಳು ಬಾಣಂತನ ಮುಗಿಸಿಕೊಂಡು ಹೋಗಿದ್ದಳು. ಹೋದ ಒಂದು ತಿಂಗಳಿಗೆ ಕೆಮ್ಮು ಹಿಡಿಯಿತು. ಕೆಮ್ಮುವ ಬಾಣಂತಿ ಎಂದು ಅತ್ತೆ ಯಶೋದಮ್ಮ ಪಥ್ಯವನ್ನು ಮುಂದುವರಿಸಿದಳು. ಆದರೂ ಕೆಮ್ಮು ನಿಲ್ಲಲಿಲ್ಲ, ಮೈ ಇಳಿಯಿತು, ಮೊಣಕಾಲು ನೋವೆಂದು ಕುಂಟಿದಳು. ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಉಗಿದ ಉಗುಳಿನಲ್ಲಿ ರಕ್ತ ಕಂಡಿತು. ಅದನ್ನು ಮೊದಲು ಕಂಡವಳು ಯಶೋದಮ್ಮ. ಅವಳು ಕೂಗಾಡಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಓರಗಿತ್ತಿಯೂ, ಓರಗಿತ್ತಿಯ ಇಬ್ಬರು ಮಕ್ಕಳೂ ಕ್ಷಯದಲ್ಲೇ ಹೋದವರು. ಸಂಜೆ ಶಾಂತಳನ್ನು ಒಬ್ಬಳನ್ನೇ ಜಟಕಾದಲ್ಲಿ ಹಲಸೂರಿಗೆ ಕಳಿಸಿದರು. ಕೂಸು ಅಲ್ಲಿಯೇ ಉಳಿಯಿತು.

"ಕಾಯಿಲೆ ಅಲ್ಲ ಅಂತ ಡಾಕ್ಟ್ರ ಕಾಗದ ತಂದ್ರೆ ಮಗೂನ ಅವಳ ಮಡ್ಲಿಗೆ ಹಾಕ್ತೀನಿ. ಕಾಯಿಲೆನೇ ಅಂದ್ರೆ ನನ್ನ ಮೊಮ್ಮಗಳನ್ನ ಅವಳ ನೆರಳಿಗೂ ಬಿಡಲ್ಲ," ಎಂದು ಯಶೋದಮ್ಮ ಹೇಳಿಕಳಿಸಿದಳು.

ಲ್ಯಾಬೊರೇಟರಿಯ ಡಾಕ್ಟರು ಹಬೀಬ್ ಸಾಹೇಬರು ಫ್ರೇಜರ್ ಟೌನಿನವರು. ಗುಡಿಸುವವರನ್ನೂ 'ನೀವು' ಎಂದು ಮಾತಾಡಿಸುವ ಮನುಷ್ಯ. ಶಾಂತಳ ಕಫವನ್ನು ಮೂರು ಸಲ ಗಾಜಿನ ಮೇಲೆ ಸವರಿ ನೋಡಿದರು. ಏನೂ ಕಾಣಲಿಲ್ಲ.

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ, ಪಿಳ್ಳಮ್ಮ. ಇಲಿಗೆ ಹಾಕೋಣ. ಆರು ವಾರ ತಡ್ಕೊಳ್ಳಿ."

"ಆರು ವಾರದಲ್ಲಿ ಎದೆ ಹಾಲು ಬತ್ತೋಗುತ್ತೆ, ಸಾಹೇಬ್ರೇ."

"ಹಾಲು ಹೋಗ್ಲಿ. ಮಗು, ತಾಯಿ ಎರಡೂ ಉಳೀಬೇಕಲ್ಲ."

ಸುದ್ದಿ ಕೇಳಿದ ಪಿಳ್ಳಮ್ಮನ ಗಂಡ ಸಂಜೀವಪ್ಪ ಬೀಡಿ ಆರಿಸಿ, "ನನ್ನ ಮಗಳ ಹಣೆಬರಹಾನ ಇಲಿ ಓದಿ ಹೇಳ್ಬೇಕಾ?" ಎಂದ. ಅವನು ಒಬ್ಬ ಮಿಲಿಟರಿ ಆಫೀಸರನ ಬಂಗಲೆಯಲ್ಲಿ ಮಾಲಿ.

"ಜೋಯಿಸರಿಗಿಂತ ವಾಸಿ. ಇಲಿಗೆ ದಕ್ಷಿಣೆ ಕೊಡ್ಬೇಕಾಗಿಲ್ಲ," ಎಂದಳು ಪಿಳ್ಳಮ್ಮ.

*

ಲಾಯದಲ್ಲಿ ಸಾಹೇಬರದು ಒಂದೇ ಕಟ್ಟಪ್ಪಣೆ: ಎಲ್ಲ ಗೂಡಿಗೂ ಒಂದೇ ಆಹಾರ. ನೆನೆಸಿದ ಕಡಲೆ, ಬೂಸಾ, ಹಸಿ ಹುಲ್ಲು, ರಸೆಲ್ ಮಾರ್ಕೆಟ್ಟಿನಿಂದ ಬರುವ ಕೋಸಿನ ಹೊರ ಎಲೆ. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಮ್ಮಿಯಿಲ್ಲ. ಎಂಟು ವರ್ಷ ಪಿಳ್ಳಮ್ಮ ಆ ಗೆರೆ ದಾಟಿದವಳಲ್ಲ.

ಈಗ ದಾಟಿದಳು. ಮೂವತ್ತೊಂದು, ಮೂವತ್ತೆರಡರ ಮುಂದೆ ಕೂತರೆ ಅವಳಿಗೆ ಇಲಿ ಕಾಣುತ್ತಿರಲಿಲ್ಲ. ಮಗಳ ಎದೆ ಕಾಣುತ್ತಿತ್ತು. ಮಗಳ ಕೆಮ್ಮನ್ನು ಮೈಯೊಳಗೆ ಇಟ್ಟುಕೊಂಡಿರುವ ಜೀವಕ್ಕೆ ಹಸಿ ಎಲೆ ಹಾಕುವುದೇ? ಹಸಿ ಸೊಪ್ಪು ಶೀತ. ನೆನೆಸಿದ ಕಾಳು ವಾಯು. ಕೆಮ್ಮಿನವರಿಗೆ ಎರಡೂ ಆಗದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಅವಳ ತಾಯಿ ಅವಳಿಗೆ ಹೇಳಿದ್ದು, ಅವಳು ಶಾಂತಳಿಗೆ ಮಾಡಿದ್ದು, ಬೀಗಿತ್ತಿಗೂ ಹೇಳಿ ಕಳಿಸಿದ್ದು ಇದೇ: ಹಳೆ ಅಕ್ಕಿಯ ಗಂಜಿ, ಮೆಣಸು, ಬೆಳ್ಳುಳ್ಳಿ, ಬೇಯಿಸಿದ ಬೇಳೆ. ಸೊಪ್ಪಿಲ್ಲ, ಹಣ್ಣಿಲ್ಲ, ಹುಳಿಯಂತೂ ಸೋಕಬಾರದು.

ಹಾಗಾಗಿ ದಿನಾ ಬೆಳಿಗ್ಗೆ ಮಗಳಿಗೆಂದು ಕಾಯಿಸಿದ ಗಂಜಿಯಲ್ಲಿ ಎರಡು ಸೌಟು ಬೇರೆ ತೆಗೆದು, ಮೆಣಸು ಹಾಕುವ ಮೊದಲೇ ಮುಚ್ಚಳದ ತಂಬಿಗೆಗೆ ಸುರಿದು, ಸೆರಗಿನಡಿ ಬೆಚ್ಚಗೆ ಇಟ್ಟುಕೊಂಡು ಲಾಯಕ್ಕೆ ತರುತ್ತಿದ್ದಳು. ರೇಷನ್ನಿನಲ್ಲಿ ಅಕ್ಕಿಗಿಂತ ಕಲ್ಲೇ ಹೆಚ್ಚಿದ್ದ ಕಾಲ. ಆರಿಸಿ ಆರಿಸಿ ಕಣ್ಣು ಉರಿಯುತ್ತಿತ್ತು. ಜೊತೆಗೆ ಬೇಯಿಸಿ ಹಿಸುಕಿದ ಕಡಲೆ. ಗೂಡಿನ ಸುತ್ತ ಗೋಣಿ ಕಟ್ಟಿ ಗಾಳಿ ತಡೆದಳು.

ಇಲಿಗಳು ಮೊದಲ ದಿನ ಮೂಸಿ ಹಿಂದೆ ಸರಿದವು. ಹಸಿವಾದ ಮೇಲೆ ತಿಂದವು. ಆದರೆ ಸೊಪ್ಪಿನ ಬುಟ್ಟಿ ಮುಂದೆ ಹಾದುಹೋದಾಗ ತಂತಿ ಕಚ್ಚಿ ಹಿಡಿದು, ಉಳಿದ ನಲವತ್ತೆಂಟಕ್ಕಿಂತ ಜೋರಾಗಿ ಕೂಗಿಕೊಳ್ಳುತ್ತಿದ್ದವು.

"ಸುಮ್ನಿರ್ರೇ, ಬಾಯಿ ಚಪಲ! ಒಳ್ಳೇದಕ್ಕೇ ಮಾಡ್ತಿರೋದು," ಎಂದು ಪಿಳ್ಳಮ್ಮ ಗದರುತ್ತಿದ್ದಳು.

ಮನೆಗೆ ಹೋದರೆ ಶಾಂತಳದೂ ಅದೇ ರಾಗ. "ಅಮ್ಮ, ಅಪ್ಪನ ಬಂಗಲೇಲಿ ನೆಲ್ಲಿಕಾಯಿ ಬಿಟ್ಟಿದ್ಯಂತೆ. ಒಂದೇ ಒಂದು. ಉಪ್ಪು ಹಚ್ಚಿ ನೆಕ್ಬಿಟ್ಟು ಕೊಡ್ತೀನಿ."

"ಕೆಮ್ಮಿಗೆ ನೆಲ್ಲಿಕಾಯಾ? ನಾಳೆ ನಿಮ್ಮತ್ತೆ ಕೇಳಿದ್ರೆ ಏನಂತ ಹೇಳ್ಲಿ?"

"ಅತ್ತೇನೂ ಹಿಂಗೇ ಅಂತಿದ್ರು, ನಿಮ್ಮಮ್ಮ ಕೇಳಿದ್ರೆ ಏನಂತ ಹೇಳ್ಲಿ ಅಂತ. ನೀವಿಬ್ರೂ ಸೇರ್ಕೊಂಡು ನನ್ನ ನಾಲಿಗೇನ ಒಣಗಿಸ್ಬಿಟ್ರಿ."

ಹದಿನೆಂಟನೆಯ ದಿನ ಮೂವತ್ತೊಂದು ತಿನ್ನಲು ಮುಂದೆ ಬರಲಿಲ್ಲ. ಹಿಂಗಾಲಿನ ಗಂಟುಗಳು ಊದಿಕೊಂಡಿದ್ದವು. ಮುಟ್ಟಿದರೆ ಸಣ್ಣಗೆ ಕಿರುಗುಟ್ಟುತ್ತಿತ್ತು. ಪಿಳ್ಳಮ್ಮ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿ, ಬೆರಳ ತುದಿಯಲ್ಲಿ ನೆಕ್ಕಿಸಿದಳು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಗೋಣಿ ಸರಿಸಿದಾಗ ಅದು ಒಂದು ಪಕ್ಕಕ್ಕೆ ಬಿದ್ದು ತಣ್ಣಗಾಗಿತ್ತು. ಪಕ್ಕದ ಗೂಡಿನಲ್ಲಿ ಮೂವತ್ತೆರಡೂ ಕುಂಟುತ್ತಿತ್ತು.

ಅವಳು ಗೂಡಿನ ಮುಂದೆ ಕೂತಳು. ಆರು ವಾರ ಬೇಕಾಗಲಿಲ್ಲ. ಮೂರೇ ವಾರಕ್ಕೆ ಇಲಿ ಸತ್ತಿತೆಂದರೆ ಮಗಳ ಎದೆಯಲ್ಲಿ ಎಷ್ಟು ಹುಳ ಇರಬೇಕು? ಕೃಷ್ಣರಾಜಪುರದ ಕೂಸು ಇನ್ನು ಅಜ್ಜಿಯನ್ನೇ ಅಮ್ಮ ಎನ್ನುತ್ತದೆ.

ಇಂಜೆಕ್ಷನ್ ಚುಚ್ಚುವ ಸಹಾಯಕ ಅಂಜನಮೂರ್ತಿ ಬಂದು ನೋಡಿದ. ಕೆಟ್ಟವನಲ್ಲ, ಇಬ್ಬರು ಹೆಣ್ಣುಮಕ್ಕಳ ತಂದೆ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಪಿಳ್ಳಮ್ಮ, ಸಾಹೇಬ್ರು ಬರೋಕೆ ಇನ್ನೂ ಅರ್ಧ ಗಂಟೆ ಐತೆ. ಕೊನೇ ಸಾಲಿನಲ್ಲಿ ಚುಚ್ಚದೇ ಇರೋ ಮರಿಗಳು ಬೇಕಾದಷ್ಟವೆ. ಈ ಎರಡೂ ಬಿಲ್ಲೇನ ಅಲ್ಲಿಗೆ ಹಾಕಿ, ಸತ್ತಿರೋದನ್ನ ಚುಚ್ಚದ ಇಲಿ, ತಾನಾಗೇ ಸತ್ತಿತು ಅಂತ ತೋರ್ಸೋಣ. ತೊಡೇಲಿ ಒಂದು ಸೂಜಿ ಗುರುತು ಮಾಡೋದು ನನಗ್ಬಿಡು. ಆರು ವಾರಕ್ಕೆ ಕೊಯ್ದಾಗ ಒಳಗೆಲ್ಲ ಶುದ್ಧವಾಗಿರುತ್ತೆ. ಕಾಗದ ಸಿಗುತ್ತೆ. ಮಗು ಬರುತ್ತೆ."

ಪಿಳ್ಳಮ್ಮ ಎರಡೂ ಗೂಡಿನ ಬಿಲ್ಲೆ ಬಿಚ್ಚಿ ಕೈಯಲ್ಲಿ ಹಿಡಿದಳು. ಕೊನೆಯ ಸಾಲಿನವರೆಗೆ ನಡೆದಳು ಕೂಡ. ಅಲ್ಲಿ ಅಕ್ಕಪಕ್ಕದ ಗೂಡಿನ ಎರಡು ಮರಿಗಳು ಕೋಸಿನ ಎಲೆಯನ್ನು ತಂತಿಯ ಎರಡು ಕಡೆಯಿಂದ ಎಳೆದಾಡುತ್ತಿದ್ದವು. ಕೈ ಗೂಡಿನ ಕೊಕ್ಕೆಯವರೆಗೂ ಹೋಯಿತು.

"ಬರೋ ಮಗು ಎಲ್ಲಿ ಕೂರುತ್ತೆ, ಮೂರ್ತಿ?" ಎಂದಳು.

"ಏನು?"

"ತಾಯಿ ತೊಡೆ ಮೇಲೆ ತಾನೆ? ಅವಳ ಮೂತಿಗೆ ಮೂತಿ ಕೊಟ್ಟು ತಾನೆ? ಇವಳು ಕೆಮ್ಮಿದ್ದು ಅದು ಉಸಿರಾಡುತ್ತೆ. ಇಲಿ ಸುಳ್ಳು ಹೇಳಿದ್ರೆ ನನ್ನ ಬೀಗಿತ್ತಿ ನಂಬ್ತಾಳೆ. ಹುಳ ನಂಬುತ್ತಾ?"

ಅಂಜನಮೂರ್ತಿ ತಲೆ ಕೆರೆದುಕೊಂಡ. "ನಾನು ಹೇಳ್ಲೇ ಇಲ್ಲ ಅನ್ಕೋ," ಎಂದು ಒಳಗೆ ಹೋದ. ಪಿಳ್ಳಮ್ಮ ಬಿಲ್ಲೆಗಳನ್ನು ಮತ್ತೆ ಅವವುಗಳ ಗೂಡಿಗೇ ಕಟ್ಟಿದಳು.

*

ಹಬೀಬ್ ಸಾಹೇಬರು ಸತ್ತ ಇಲಿಯನ್ನು ಹಲಗೆಯ ಮೇಲೆ ಕೊಯ್ದರು. ಪಿಳ್ಳಮ್ಮ ಬಾಗಿಲ ಹೊರಗೆ ಗೋಡೆಗೆ ಆತು ನಿಂತಿದ್ದಳು. ಆಮೇಲೆ, "ಪಿಳ್ಳಮ್ಮ, ಇಲ್ಲಿ ಬನ್ನಿ," ಎಂದು ಕರೆದರು.

"ಈಲಿ ನೋಡಿ. ಚುಕ್ಕೆ ಇಲ್ಲ. ತೊಡೆಸಂದೀಲಿ ಗಂಟಿಲ್ಲ. ಇದು ಕ್ಷಯದಿಂದ ಸತ್ತಿಲ್ಲ." ಅವಳು ಉಸಿರು ಬಿಡುವಷ್ಟರಲ್ಲಿ ಅವರ ಕೈ ಇಲಿಯ ಮೊಣಕಾಲಿಗೆ ಹೋಯಿತು. ಚರ್ಮದಡಿ ಕಪ್ಪುಗಟ್ಟಿದ ರಕ್ತ. ತುಟಿ ಸರಿಸಿದರು. ಹಲ್ಲಿನ ಬುಡವೆಲ್ಲ ರಕ್ತ. "ಲಾಯದಲ್ಲಿ ಬೇರೆ ಯಾವುದಕ್ಕೂ ಹೀಗಾಗಿಲ್ಲ. ಇದಕ್ಕೆ ಮಾತ್ರ ಸೊಪ್ಪು ಹೋಗಿಲ್ಲ. ಏನು ಕೊಟ್ರಿ ಇದಕ್ಕೆ?"

ಬೇರೇನೂ ಕೊಟ್ಟಿಲ್ಲವೆಂದು ಹೇಳಬಹುದಿತ್ತು. ಹೇಳಿದರೆ ಕೆಲಸ ಉಳಿಯುತ್ತಿತ್ತು. ಆದರೆ ಹಲಗೆಯ ಮೇಲೆ ಬಾಯಿ ತೆರೆದು ಬಿದ್ದ ಪ್ರಾಣಿಯ ಮುಂದೆ ಅವಳಿಗೆ ಸುಳ್ಳು ಹೊರಡಲಿಲ್ಲ.

"ಗಂಜಿ, ಸಾಹೇಬ್ರೇ. ಬೇಯಿಸಿದ ಕಡ್ಲೆ. ಕೆಮ್ಮಿನ ಜೀವ ಅಲ್ವಾ ಅಂತ ಪಥ್ಯ ಮಾಡಿದೆ. ತಪ್ಪಾಯ್ತು. ಬೇರೆಯವರ ಇಲಿಗೆ ಮಾಡಿಲ್ಲ, ನನ್ನ ಮಗಳದ್ದಕ್ಕೆ ಮಾತ್ರ."

"ಎಂಟು ವರ್ಷ! ಎಂಟು ವರ್ಷದಿಂದ ಹೇಳ್ತಿದ್ದೀನಿ, ಎಲ್ಲಕ್ಕೂ ಒಂದೇ ಆಹಾರ ಅಂತ!" ಸಾಹೇಬರ ಮುಖ ಕೆಂಪಾಯಿತು. "ಪರೀಕ್ಷೆ ಅರ್ಧ ಹಾಳು ಮಾಡಿದ್ರಿ. ಈ ಗಂಜಿ ಪಥ್ಯ ಎಲ್ಲಿಂದ ಕಲಿತ್ರಿ?"

"ಕಲಿಯೋದೇನಿದೆ, ಸಾಹೇಬ್ರೇ. ನನ್ನ ಮಗಳಿಗೆ ಏನು ಕೊಡ್ತೀನೋ ಅದನ್ನೇ ಕೊಟ್ಟೆ. ಒಂದೇ ಮಡಕೆ."

ಸಾಹೇಬರು ಕತ್ತರಿ ಕೆಳಗಿಟ್ಟರು.

"ಎಷ್ಟು ದಿನದಿಂದ? ಮಗಳಿಗೆ?"

ಅವಳು ಬೆರಳು ಮಡಚಿದಳು. "ಹೆರಿಗೆ ಆದಾಗಿನಿಂದ. ಮೂರು ತಿಂಗಳು ನಮ್ಮನೇಲಿ. ಆಮೇಲೆ ಅತ್ತೆ ಮನೇಲಿ. ಈಗ ಮತ್ತೆ ನನ್ನ ಕೈಲಿ. ಆರು ತಿಂಗಳು ತುಂಬಿತು."

"ಸೊಪ್ಪು? ಹಣ್ಣು? ನಿಂಬೆಹಣ್ಣು?"

"ಬಾಣಂತಿಗೆ ನಿಂಬೆಹಣ್ಣಾ!"

"ಮೊಣಕಾಲು ನೋವು ಅಂದಿದ್ರಲ್ಲ. ಅವಳ ಒಸಡು ನೋಡಿದ್ದೀರಾ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಸಾಹೇಬರು ತಣ್ಣಗೆ ಹೇಳಿದರು: "ಊರಿನ ಇಲಿ, ನಾಯಿ, ಹಸು, ಇವೆಲ್ಲ ಒಣಗಿದ್ದು ತಿಂದೂ ಬದುಕ್ತವೆ. ಹಸಿ ಎಲೇಲಿ, ಹುಳಿ ಹಣ್ಣಲ್ಲಿ ಇರೋ ಒಂದು ಸತ್ವಾನ ಅವುಗಳ ಮೈಯೇ ಮಾಡ್ಕೊಳ್ಳುತ್ತೆ. ಸಿ ವಿಟಮಿನ್ನು ಅಂತಾರೆ. ಈ ಸೀಮೆ ಇಲಿಗೆ ಆ ಶಕ್ತಿ ಇಲ್ಲ. ಮನುಷ್ಯನಿಗೂ ಇಲ್ಲ. ಬಾಯಿಂದಲೇ ಹೋಗ್ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಲ್ಲಿ ಹೋದವರು ಹಸಿ ಕಾಯಿಪಲ್ಯ ಸಿಗದೆ ಹೀಗೇ ಒಸಡು ಕೊಳೆತು ಸಾಯ್ತಿದ್ರು. ನಿಮ್ಮ ಮಗಳು ಹಡಗು ಹತ್ತಿಲ್ಲ. ಬಾಣಂತಿ ಕೋಣೇಲಿ ಕೂತಿದ್ಲು. ಹೋಗಿ. ಈಗಲೇ ಹೋಗಿ ನೋಡಿ."

ಪಿಳ್ಳಮ್ಮ ಮಧ್ಯಾಹ್ನದ ಬಿಸಿಲಲ್ಲಿ ಹಲಸೂರಿನವರೆಗೆ ಅರ್ಧ ಓಡಿ ಅರ್ಧ ನಡೆದು ಬಂದಳು. ಶಾಂತ ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು.

"ಬಾಯಿ ತೆಗಿ."

"ಏನಮ್ಮ ಇದು, ಎಮ್ಮೆ ವ್ಯಾಪಾರಕ್ಕೆ ಬಂದಂಗೆ—"

"ತೆಗಿಯೇ!"

ಹೆಬ್ಬೆರಳಿಂದ ಒಸಡು ಒತ್ತಿದಳು. ಹಣ್ಣಾದ ಬದನೆಕಾಯಿಯ ಹಾಗೆ ಊದಿದ್ದ ಒಸಡಿನಿಂದ ರಕ್ತ ಜಿನುಗಿತು. "ಕೆಮ್ಮಬೇಡ. ಹಂಗೇ ಉಗಿ." ಶಾಂತ ಜಗುಲಿಯ ಕೆಳಗೆ ಉಗಿದಳು. ಎಂಜಲಿನಲ್ಲಿ ಕೆಂಪು ಎಳೆ. ಕೆಮ್ಮಿರಲಿಲ್ಲ, ಎದೆ ಅಲುಗಿಯೇ ಇರಲಿಲ್ಲ.

"ಇದೇ ರಕ್ತಾನಾ ಅವತ್ತು ನಿಮ್ಮತ್ತೆ ಕಂಡಿದ್ದು?"

"ಇದೇ. ಹಲ್ಲುಜ್ಜಿದಾಗೆಲ್ಲ ಬರುತ್ತೆ. ನಾನು ಹೇಳ್ದೆ, ಬಾಯಿಂದ ಬರ್ತಿದೆ ಅತ್ತೆ ಅಂತ. ಬಾಯಿಂದಲೇ ತಾನೆ ಬರೋದು ಅಂದ್ರು."

ಪಿಳ್ಳಮ್ಮ ಮಗಳ ಪಕ್ಕ ಕೂತಳು. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಇಬ್ಬರು ತಾಯಂದಿರು, ಎರಡು ಒಲೆ, ಆರು ತಿಂಗಳು. ಯಾರೂ ಹೊಟ್ಟೆಗೆ ಕಮ್ಮಿ ಮಾಡಿದವರಲ್ಲ. ಕಣ್ಣಲ್ಲಿ ಕಣ್ಣಿಟ್ಟು ಬೇಯಿಸಿ ಬೇಯಿಸಿ ಹಾಕಿದ್ದರು. ನಾಲಿಗೆ ಬೇಡಿದ್ದನ್ನು ಚಪಲ ಎಂದಿದ್ದರು. ಮೂವತ್ತೊಂದು ಕೂಡ ತಂತಿ ಕಚ್ಚಿ ಕೂಗಿತ್ತು.

*

"ಸಂತೋಷ ಪಡಬೇಡಿ ಇನ್ನೂ," ಎಂದರು ಸಾಹೇಬರು ಮರುದಿನ. ಕೆಲಸದಿಂದ ತೆಗೆಯಲಿಲ್ಲ, ಬೈಗುಳದ ಬಾಕಿಯನ್ನು ಮಾತ್ರ ಪೂರ್ತಿ ತೀರಿಸಿಕೊಂಡಿದ್ದರು. "ಒಸಡಿನ ರಕ್ತ ಬೇರೆ, ಎದೆಯ ಕೆಮ್ಮು ಬೇರೆ. ಎರಡೂ ಇರಬಹುದು. ಮೂವತ್ತೊಂದು ಬೇಗ ಸತ್ತಿತು, ಅದರ ಸಾಕ್ಷಿ ಪೂರ್ತಿ ಅಲ್ಲ. ಮೂವತ್ತೆರಡು ಆರು ವಾರ ಮುಗಿಸ್ಬೇಕು. ಅದನ್ನ ಉಳಿಸಿ."

ಇನ್ನು ಎರಡು ಜೀವಗಳನ್ನು ಒಂದೇ ಬುಟ್ಟಿಯಿಂದ ಉಳಿಸುವ ಕೆಲಸ ಶುರುವಾಯಿತು. ಸಂಜೀವಪ್ಪ ಆಫೀಸರನ ತೋಟದಿಂದ ದಿನಾ ಪಂಚೆಯ ಮಡಿಲಲ್ಲಿ ನೆಲ್ಲಿಕಾಯಿ, ಕೊತ್ತಂಬರಿ, ನುಗ್ಗೆಸೊಪ್ಪು ತಂದ. ಮಾಲಿಯಾಗಿದ್ದ ಹದಿನೈದು ವರ್ಷದಲ್ಲಿ ಅವನು ಅಡುಗೆಮನೆಗೆಂದು ತಂದದ್ದು ಅದೇ ಮೊದಲು. ತಂದು ಹೊಸ್ತಿಲಲ್ಲಿ ನಿಂತು, "ತೊಳ್ದು ಹೆಚ್ಚಲಾ?" ಎಂದ. ಪಿಳ್ಳಮ್ಮ ಅವನ ಮುಖವನ್ನೊಮ್ಮೆ ನೋಡಿ, "ಕೈ ತೊಳ್ಕೊಂಡು ಮಾಡಿ," ಎಂದು ಚಾಕು ಮುಂದಿಟ್ಟಳು.

ಶಾಂತ ಮೊದಲ ನೆಲ್ಲಿಕಾಯಿ ಕಚ್ಚಿದಾಗ ಒಸಡು ಉರಿದು ಕಣ್ಣಲ್ಲಿ ನೀರು ಬಂತು, ಆದರೂ ಬೀಜದವರೆಗೆ ಚೀಪಿದಳು. ಲಾಯದಲ್ಲಿ ಮೂವತ್ತೆರಡಕ್ಕೆ ಕಚ್ಚುವ ಶಕ್ತಿ ಇರಲಿಲ್ಲ. ಪಿಳ್ಳಮ್ಮ ನೆಲ್ಲಿಕಾಯಿ ಜಜ್ಜಿ, ರಸವನ್ನು ಗಾಜಿನ ನಳಿಗೆಯಲ್ಲಿ ಅದರ ಬಾಯಿಗೆ ಹನಿಸಿದಳು. ಐದನೆಯ ದಿನಕ್ಕೆ ಅದು ಕೊತ್ತಂಬರಿ ದಂಟು ಹಿಡಿದೆಳೆಯಿತು. ಹತ್ತನೆಯ ದಿನಕ್ಕೆ ಬುಟ್ಟಿಯ ಸದ್ದಿಗೆ ಕುಯ್ ಎಂದಿತು. ಅಂಜನಮೂರ್ತಿ ಒಳಗಿನಿಂದಲೇ, "ನಿನ್ನ ಮೊಮ್ಮಗಳು ಕೂಗ್ತಾವ್ಳೆ ನೋಡು, ಪಿಳ್ಳಮ್ಮ!" ಎಂದು ಕೂಗಿದ.

ಕೆಮ್ಮಿನ ಬಗ್ಗೆ ಸಾಹೇಬರು ಶಾಂತಳನ್ನು ಕರೆಸಿ ಕೇಳಿದರು. ಯಾವಾಗ ಹೆಚ್ಚು? ಒಲೆ ಮುಂದೆ. ಒಲೆ ಎಲ್ಲಿದೆ? ಕಿಟಕಿಯಿಲ್ಲದ ಕೋಣೆಯಲ್ಲಿ. ಸೌದೆ? ಯುದ್ಧ ಬಂದಮೇಲೆ ಸೌದೆಯೆಲ್ಲಿ, ಒದ್ದೆ ಮರದ ಹೊಟ್ಟು. ಊದುಗೊಳವೆ ಹಿಡಿದು ಊದಿದರೆ ಒಂದು ಗಳಿಗೆ ಉರಿಯುತ್ತದೆ, ಎರಡು ಗಳಿಗೆ ಹೊಗೆಯಾಡುತ್ತದೆ. ಎಷ್ಟು ಜನಕ್ಕೆ ಅಡುಗೆ? ಒಂಬತ್ತು. ತಾಯಿಯ ಮನೆಯಲ್ಲಿ ಒಲೆ ಹಿತ್ತಲಲ್ಲಿ. ಬಂದ ಮೇಲೆ ಕೆಮ್ಮು ಅರ್ಧ ಇಳಿದಿತ್ತು. ಸಾಹೇಬರು ಎಲ್ಲ ಬರೆದುಕೊಂಡರು. ಶಾಂತಳ ಅಡುಗೆಯ ದಿನಚರಿಯನ್ನು ಯಾರಾದರೂ ಕೇಳಿ ಬರೆದುಕೊಂಡದ್ದು ಅದೇ ಮೊದಲು.

ಶಿವರಾತ್ರಿ ಕಳೆದು ಎರಡು ವಾರಕ್ಕೆ ಆರು ವಾರ ತುಂಬಿತು. ಮೂವತ್ತೆರಡು ಆಗ ಗುಂಡಗಿತ್ತು. ಕಂದು ಬಿಳಿ ಮಚ್ಚೆಯ ಮೈ, ಹೊಳೆಯುವ ಕಣ್ಣು.

"ಇವತ್ತು ನೀವು ಬೇಡ. ಮೂರ್ತಿ ಹಿಡ್ಕೋತಾನೆ," ಎಂದರು ಸಾಹೇಬರು.

"ನನ್ನ ಕೈ ಪರಿಚಯ ಅದಕ್ಕೆ. ಹೆದರಲ್ಲ," ಎಂದಳು ಪಿಳ್ಳಮ್ಮ.

ಕ್ಲೋರೋಫಾರ್ಮಿನ ಅರಳೆಯಿದ್ದ ಗಾಜಿನ ಜಾಡಿಗೆ ಅವಳೇ ಇಳಿಸಿದಳು. ಕಡೆಗೊಂದು ಕೊತ್ತಂಬರಿ ದಂಟು ಬಾಯಲ್ಲಿತ್ತು. ಕೈ ತೆಗೆಯುವವರೆಗೂ ಅದು ಅಗಿಯುತ್ತಲೇ ಇತ್ತು. ಈ ಸಲ ಅವಳು ಹೊರಗೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲೇ ನಿಂತು, ಸಾಹೇಬರು ಒಂದೊಂದಾಗಿ ತೋರಿಸಿದ್ದನ್ನು ನೋಡಿದಳು. ಈಲಿ, ನಯವಾಗಿ ಕೆಂಪಗೆ. ಹೊಟ್ಟೆಯ ಪಕ್ಕದ ಗುಲ್ಮ, ಚುಕ್ಕೆಯಿಲ್ಲ. ತೊಡೆಸಂದು, ಗಂಟಿಲ್ಲ. ಶ್ವಾಸಕೋಶ, ನೊರೆಯಂತೆ ಹಗುರ. ಸಾಹೇಬರು ಚೂರು ಚೂರು ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟು, ಬಹಳ ಹೊತ್ತಿನ ಮೇಲೆ ಬೆನ್ನು ನೆಟ್ಟಗೆ ಮಾಡಿದರು.

"ಇಲ್ಲ," ಎಂದರು. "ಎಲ್ಲೂ ಇಲ್ಲ."

ಪಿಳ್ಳಮ್ಮ ಮೂವತ್ತೆರಡರ ಬಿಲ್ಲೆಯನ್ನು ಸೆರಗಲ್ಲಿ ಒರೆಸಿ ಗೂಡಿನ ಕೊಕ್ಕೆಗೆ ಮತ್ತೆ ಹಾಕಿದಳು. ನಾಳೆ ಇನ್ಯಾರದೋ ಮಗಳದೋ ಮಗನದೋ ಕಫ ಬರುತ್ತದೆ. ಆ ದಿನ ಮಾತ್ರ, ಹಳೆಯ ಕಾಲದ ಹಾಗೆ, ಮಧ್ಯಾಹ್ನದ ಊಟ ಬಿಟ್ಟಳು.

*

ಸಾಹೇಬರ ಕಾಗದ ಇಂಗ್ಲಿಷಿನಲ್ಲಿತ್ತು. ಭಾನುವಾರ ತಾಯಿ ಮಗಳು ರೈಲಿನಲ್ಲಿ ಕೃಷ್ಣರಾಜಪುರಕ್ಕೆ ಹೋದರು. ಅಳಿಯ ಮುನಿಆಂಜನಪ್ಪ ಕಾಗದ ತಿರುಗಿಸಿ ಮುರುಗಿಸಿ ನೋಡಿ ತಾಯಿಯ ಕೈಗೆ ಕೊಟ್ಟ. ಯಶೋದಮ್ಮ ಅದನ್ನು ಓದಲು ಬಾರದೆ ಮಡಚಿ ಇಟ್ಟುಕೊಂಡಳು. ಕೂಸು ಆದಿಲಕ್ಷ್ಮಿ ಅವಳ ಸೊಂಟದ ಮೇಲಿತ್ತು.

"ಕಾಗ್ದ ಇರ್ಲಿ, ಅಕ್ಕ. ನಿನ್ನ ಬಾಯಲ್ಲಿ ಹೇಳು. ಇಲಿ ಏನಂತು?"

"ಎದೇಲಿ ಏನೂ ಇಲ್ಲ ಅಂತು. ನಮ್ಮಿಬ್ಬರ ತಲೇಲಿ ಇದೆ ಅಂತು."

ಪಿಳ್ಳಮ್ಮ ಮೂವತ್ತೊಂದರ ಕತೆಯನ್ನೂ ತನ್ನ ಗಂಜಿಯ ಕತೆಯನ್ನೂ ಏನೂ ಮುಚ್ಚಿಡದೆ ಹೇಳಿದಳು. ಯಶೋದಮ್ಮನನ್ನು ಒಬ್ಬಳನ್ನೇ ತಪ್ಪಿತಸ್ಥಳನ್ನಾಗಿ ಮಾಡಬಹುದಿತ್ತು, ಮಾಡಲಿಲ್ಲ. ಮಾತಿನ ಮಧ್ಯೆ ಶಾಂತ ಮುಂದೆ ಬಂದು, ತುಟಿ ಎತ್ತಿ ಒಸಡು ತೋರಿಸಿ, ಜಗುಲಿಯಾಚೆ ಉಗಿದಳು. ಬೆಳ್ಳಗಿತ್ತು.

ಯಶೋದಮ್ಮ ಅದನ್ನು ಬಗ್ಗಿ ನೋಡಿದಳು. ಆಮೇಲೆ ಕೂಸನ್ನು ಸೊಂಟದಿಂದ ಬಿಡಿಸಿ ಸೊಸೆಯ ಕೈಗೆ ಕೊಟ್ಟಳು. ಕೂಸಿಗೆ ತಾಯಿಯ ಗುರುತು ಹತ್ತಲಿಲ್ಲ. ಕಿಟಾರನೆ ಅತ್ತು ಅಜ್ಜಿಯ ಕಡೆ ಕೈ ಚಾಚಿತು. ಶಾಂತ ಅದನ್ನು ಬಿಡಲಿಲ್ಲ. ಎದೆಗೆ ಅವಚಿಕೊಂಡು ಅಂಗಳದ ತುದಿಯವರೆಗೂ ಹೋಗಿ, ಮರಳಿ ಬಂದು, ಮತ್ತೆ ಹೋಗಿ, ಏನೋ ಗುನುಗುತ್ತಲೇ ಇದ್ದಳು. ನಾಲ್ಕನೆಯ ಸುತ್ತಿಗೆ ಅಳು ಬಿಕ್ಕಳಿಕೆಯಾಯಿತು. ಏಳನೆಯ ಸುತ್ತಿಗೆ ಕೂಸು ತಾಯಿಯ ಮೂಗಿನ ಬೊಟ್ಟನ್ನು ಹಿಡಿದು ಎಳೆಯಿತು.

"ಇನ್ನೊಂದಿದೆ," ಎಂದಳು ಪಿಳ್ಳಮ್ಮ ಅಳಿಯನ ಕಡೆ ತಿರುಗಿ. "ಕಾಗದದ ಕೊನೇಲಿ ಬರ್ದಿದ್ದಾರೆ. ಕೆಮ್ಮು ಹೊಗೇದು. ಅಡುಗೆಮನೆ ಗೋಡೆ ಒಡ್ದು ಕಿಂಡಿ ಇಡ್ಬೇಕು. ಅಲ್ಲಿವರ್ಗೂ ಊದುಗೊಳವೆ ಬೇರೆಯವ್ರು ಹಿಡೀಬೇಕಂತೆ."

"ಬೇರೆಯವ್ರು ಅಂದ್ರೆ?" ಎಂದ ಮುನಿಆಂಜನಪ್ಪ.

"ರೈಲ್ವೆ ಗ್ಯಾಂಗಲ್ಲಿ ಕೆಲಸ ಮಾಡೋರ ಎದೆ ಗಟ್ಟಿಯಂತಲ್ಲಪ್ಪ."

ಯಶೋದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅಳಿಯ ಆ ಮಧ್ಯಾಹ್ನವೇ ಹಾರೆ ತಂದು ಗೋಡೆಗೆ ಕೈಹಾಕಿದ. ಒಲೆ ಊದುವುದಕ್ಕಿಂತ ಗೋಡೆ ಒಡೆಯುವುದು ಸುಲಭವೆಂದು ಅವನಿಗೆ ತೋರಿರಬೇಕು.

ಗೋಡೆಯಿಂದ ಮಣ್ಣು ಉದುರುವ ಸದ್ದಿನ ನಡುವೆ ಯಶೋದಮ್ಮ ಬೀಗಿತ್ತಿಯ ಹತ್ತಿರ ಸರಿದು ಕೂತಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪಿಸುಗುಟ್ಟಿದಳು.

"ಅಕ್ಕಾ, ಆ ರಕ್ತ... ನಂಗೂ ಬರುತ್ತೆ. ನಾಲ್ಕು ಹೆತ್ತಾಗಿನಿಂದ. ಹೆಂಗಸರಿಗೆ ಇದ್ದದ್ದೇ ಅನ್ಕೊಂಡಿದ್ದೆ."

ಪಿಳ್ಳಮ್ಮ ಅವಳ ಮುಖ ನೋಡಿದಳು. ಒಂಬತ್ತು ಜನಕ್ಕೆ ಬಡಿಸಿ, ಪಾತ್ರೆಯ ತಳ ಕೆರೆದು ಉಣ್ಣುವ ಬಾಯಿ. ಕಾಯಿಪಲ್ಯ ಅಷ್ಟು ಹೊತ್ತಿಗೆ ಯಾವಾಗ ಉಳಿದೀತು? ಅವಳ ಹೆಬ್ಬೆರಳು ತನಗೇ ತಿಳಿಯದೆ ಮೇಲೆದ್ದಿತು.

"ಬಾಯಿ ತೆಗಿ, ಯಶೋದಾ," ಎಂದಳು ಪಿಳ್ಳಮ್ಮ. ನೋಡಿಯಾದ ಮೇಲೆ ಮಡಿಲ ಗಂಟು ಬಿಚ್ಚಿದಳು. ರೈಲಿನಲ್ಲಿ ಮಗಳಿಗೆಂದು ತಂದ ನೆಲ್ಲಿಕಾಯಿಗಳಲ್ಲಿ ಐದು ಉಳಿದಿದ್ದವು. ಎಲ್ಲವನ್ನೂ ಅವಳ ಅಂಗೈಗೆ ಹಾಕಿದಳು. ಯಶೋದಮ್ಮ ಅಭ್ಯಾಸಬಲದಿಂದ ಒಳಗೆ ಮಕ್ಕಳಿಗೆ ಕೊಡಲು ಎದ್ದಳು.

"ಕೂತ್ಕೋ," ಎಂದಳು ಪಿಳ್ಳಮ್ಮ, ಅವಳ ಸೆರಗು ಹಿಡಿದು. "ನನ್ನ ಕಣ್ಣ ಮುಂದೆ ತಿನ್ನು. ತಿಂದಿದ್ದು ನೋಡಿದ ಮೇಲೇ ನಾನು ರೈಲು ಹತ್ತೋದು."